ಮೂರು ಬೋಲ್ಟು, ಎರಡು ತಟ್ಟೆ

ನಮ್ಮಣ್ಣ ಏನನ್ನಾದರೂ ಬಿಗಿ ಮಾಡಿದನೆಂದರೆ ಅದನ್ನು ಬಿಚ್ಚಲು ಮತ್ತೆ ಅವನೇ ಬರಬೇಕಿತ್ತು. ಬಚ್ಚಲುಮನೆಯ ನಲ್ಲಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ, ಗ್ಯಾಸಿನ ರೆಗ್ಯುಲೇಟರು, ಎಲ್ಲದಕ್ಕೂ ಅದೇ ಗತಿ. ಅವನು ಮನೆಯಲ್ಲಿಲ್ಲದ ದಿನ ನಮಗೆ ಉಪ್ಪಿನಕಾಯಿ ಇರುತ್ತಿರಲಿಲ್ಲ. ಈಗ ಅವನು ಸತ್ತು ನಾಲ್ಕು ತಿಂಗಳಾಗಿತ್ತು. ಅವನು ಬಿಗಿ ಮಾಡಿಟ್ಟು ಹೋದ ಮೂರು ಬೋಲ್ಟುಗಳನ್ನು ಬಿಚ್ಚಲೆಂದು ನಾನು ಅವನ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದೆ.

ಕೆ.ಆರ್. ಪುರದ ತೂಗುಸೇತುವೆಗೆ ಇನ್ನೂ ಕಂಬ ಎಬ್ಬಿಸುತ್ತಿದ್ದ ಕಾಲ ಅದು. ರೈಲ್ವೆ ಗೇಟಿನಿಂದ ಒಂದು ಕೂಗಿನ ದೂರದಲ್ಲಿ ನಮ್ಮ ಮನೆ. ಸುತ್ತಲಿನ ಹೊಲವೆಲ್ಲ ಅಪ್ಪ ಬದುಕಿದ್ದಾಗಲೇ ಸೈಟುಗಳಾಗಿ ಹೋಗಿ, ನಮಗೆ ಉಳಿದಿದ್ದು ಮನೆ, ಮುಂದಿನ ಅಂಗಳ, ಅಂಗಳದಲ್ಲೊಂದು ಹುಣಸೆಮರ. ಆ ಮರದ ಕೆಳಗೆ ಅಣ್ಣನ ಬಿಳಿ ಪುಟ್ಟ ಕಾರು ನಿಲ್ಲುತ್ತಿತ್ತು. ಸೆಕೆಂಡ್ ಹ್ಯಾಂಡ್ ಗಾಡಿ. ತಂದ ಮೊದಲ ತಿಂಗಳಲ್ಲೇ ಅಣ್ಣ ಅದರ ಸೈಲೆನ್ಸರ್ ಕಿತ್ತೆಸೆದು, ಶಿವಾಜಿನಗರದಿಂದ ಚೊಂಬಿನ ಬಾಯಿಯಷ್ಟು ಅಗಲದ ಬಾಯಿ ಇರುವ ಇನ್ನೊಂದನ್ನು ತಂದು ತಾನೇ ಕೂರಿಸಿದ. ಆಮೇಲೆ ಆ ಕಾರು ಲಾರಿಯ ಹಾಗೆ ಗುಡುಗತೊಡಗಿತು. ಅದಕ್ಕೆ ಅಷ್ಟು ದೊಡ್ಡ ಗಂಟಲು ಯಾಕೆ ಬೇಕಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಮ್ಮನಿಗೆ ಮಾತ್ರ ಅದರಿಂದ ಅನುಕೂಲವೇ ಆಗಿತ್ತು. ಸಂಜೆ ಗೇಟು ಎತ್ತಿದ ಕೂಡಲೇ ಅಣ್ಣ ಕಾರನ್ನು ಎಬ್ಬಿಸುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅವಳು ಎದ್ದು ಸಾರು ಬಿಸಿಗಿಟ್ಟು, ನಮ್ಮಿಬ್ಬರ ತಟ್ಟೆ ಇಡುವಷ್ಟರಲ್ಲಿ ಅವನು ಅಂಗಳದಲ್ಲಿರುತ್ತಿದ್ದ. ನಮ್ಮಿಬ್ಬರ ತಟ್ಟೆ ಅಂದರೆ ನಿಜವಾಗಿಯೂ ನಮ್ಮವೇ. ಹಲಸೂರಿನ ಪಾತ್ರೆ ಅಂಗಡಿಯಲ್ಲಿ ಕೊಂಡಾಗ ಅಂಗಡಿಯವನು ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದರ ಅಂಚಿಗೆ ಅಣ್ಣನ ಹೆಸರನ್ನೂ ಇನ್ನೊಂದರ ಅಂಚಿಗೆ ನನ್ನ ಹೆಸರನ್ನೂ ಕೊರೆದುಕೊಟ್ಟಿದ್ದ. ಅಮ್ಮನಿಗೊಂದು ತಗೊಳ್ಳೋಣ ಅಂದರೆ "ನಂಗ್ಯಾಕೋ, ನಿಮ್ದೇ ಐತಲ್ಲ" ಅಂದಿದ್ದಳು. ನಾವು ಉಂಡೆದ್ದ ಮೇಲೆ ಯಾವುದು ಮೊದಲು ಖಾಲಿಯಾಯಿತೋ ಅದನ್ನು ತೊಳೆದುಕೊಂಡು ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿದ್ದಳು. ಅವಳು ಉಣ್ಣುವುದನ್ನು ನೋಡಿದ ನೆನಪು ನನಗಿಲ್ಲ.

ಅಣ್ಣ ಕಾಮಾಲೆಯಲ್ಲಿ ಹೋದ. ಮೊದಲು ಕಣ್ಣು ಹಳದಿಯಾಯಿತು, ನಾಟಿ ಔಷಧಿ ಆಯಿತು, ಆಸ್ಪತ್ರೆ ಆಯಿತು, ಮುಗಿಯಿತು. ಬೆಂಕಿ ಇಟ್ಟವನು ನಾನು, ಹನ್ನೊಂದರ ದಿನ ತಲೆ ಬೋಳಿಸಿಕೊಂಡವನು ನಾನು. ಒಂದು ಹನಿ ಅಳು ಬರಲಿಲ್ಲ. ಬಂದವರೆಲ್ಲ ನನ್ನನ್ನು ಗಟ್ಟಿ ಮನುಷ್ಯ ಅಂದು ಬೆನ್ನು ತಟ್ಟಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು.

ಕಾರು ಸುಮ್ಮನೆ ನಿಂತರೆ ಹಾಳಾಗುತ್ತದೆಂದು, ಹಲಸೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿಗೆ ಅದನ್ನೇ ಒಯ್ಯತೊಡಗಿದೆ. ಮೊದಲ ದಿನ ಸಂಜೆ ಗೇಟು ದಾಟಿ ಮನೆಗೆ ಬಂದರೆ ಒಲೆ ಉರಿಯುತ್ತಿತ್ತು. ನೆಲದ ಮೇಲೆ ಎರಡು ತಟ್ಟೆ ಇದ್ದವು, ನನ್ನದೊಂದು, ಅಣ್ಣನದೊಂದು. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಸದ್ದು ಕೇಳಿ ಅವಳಿಗೆ ಮರೆತುಹೋಗಿದೆ, ಕೈ ತನ್ನಷ್ಟಕ್ಕೆ ಹಳೆಯ ಕೆಲಸ ಮಾಡಿದೆ ಅಂದುಕೊಂಡೆ. ಇಲ್ಲವೇ ಹನ್ನೊಂದರ ದಿನ ಇಟ್ಟ ಎಡೆಯನ್ನು ಅವಳು ಇನ್ನೂ ನಿಲ್ಲಿಸಿಲ್ಲವೇನೋ. ಅವಳು ತಿರುಗುವ ಮೊದಲು ಅಣ್ಣನ ತಟ್ಟೆ ಎತ್ತಿ ಗೂಡಿನಲ್ಲಿಟ್ಟೆ. ಅವಳು ತಿರುಗಿ ನೋಡಿದಳು. ನನಗೆ ಬಡಿಸಿ ಒಳಗೆ ಹೋದಳು.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಸದ್ದು ಕೇಳಿದ ಕೂಡಲೇ ಅವಳು ಎರಡು ತಟ್ಟೆ ಇಡುವಳು, ನಾನು ಒಂದನ್ನು ಎತ್ತುವೆನು. ಹೆಚ್ಚುಕಡಿಮೆ ನಾಲ್ಕು ತಿಂಗಳು ನಾವಿಬ್ಬರೂ ಈ ವಿಷಯವಾಗಿ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳುವ ರೂಢಿಯೇ ಇರಲಿಲ್ಲ. ದಿನಾ ಸಂಜೆ ಅವಳ ಮಗ ಬದುಕಿ ಬರುವುದು, ಬಾಗಿಲಲ್ಲಿ ನನ್ನ ಮುಖ ನೋಡಿ ಮತ್ತೆ ಸಾಯುವುದು, ಇದು ನಿಲ್ಲಬೇಕೆಂದು ನನಗೆ ಅನ್ನಿಸಿತು. ನಿಲ್ಲಿಸಲು ನನಗೆ ತೋಚಿದ್ದು ಒಂದೇ ದಾರಿ. ಆ ಸದ್ದನ್ನು ತೆಗೆದುಬಿಡುವುದು.

ಶಿವಾಜಿನಗರದಲ್ಲಿ ಹಳೇ ಗಾಡಿ ಸಾಮಾನಿನ ಅಂಗಡಿಯವನಿಗೆ ನನ್ನ ಬೇಡಿಕೆ ಕೇಳಿ ನಗು ಬಂತು. "ಎಲ್ರೂ ಸೌಂಡ್ ಜಾಸ್ತಿ ಮಾಡಿ ಅಂತ ಬರ್ತಾರೆ ಭಾಯ್, ನೀವೊಬ್ರು ಕಮ್ಮಿ ಕೇಳ್ತಿದೀರ," ಅಂದ. "ತಗೊಳ್ಳಿ, ತೊಟ್ಟಿಲಲ್ಲಿರೋ ಮಗೂನೂ ಏಳಲ್ಲ, ಅಂಥ ಮಾಲ್ ಇದು." ಪೈಪು ಸಮೇತ ಪೂರ್ತಿ ಸೆಟ್ಟನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಬಂದೆ.

ಹಾಕಿಸುವುದಕ್ಕೆ ಹಲಸೂರಿನಲ್ಲಿ ಅಣ್ಣನ ಗೆಳೆಯನ ಗ್ಯಾರೇಜು ಇತ್ತು. ಅವನು ಬಗ್ಗಿ ನೋಡಿ, "ಮಗಾ, ಇದು ಅವ್ನು ಟೈಟ್ ಮಾಡಿರೋದು. ಸ್ಪ್ಯಾನರ್‌ಗೆಲ್ಲಾ ಬರಲ್ಲ. ಗ್ಯಾಸ್ ಕಟರ್ ಹಿಡಿಬೇಕು ಅಷ್ಟೇ," ಅಂದ. ಅಂದವನೇ ಅಳತೊಡಗಿದ. ನನ್ನನ್ನು ನೋಡಿದಾಗಲೆಲ್ಲ ಅವನು ಅಳುತ್ತಿದ್ದ. ಅವನ ಅಳು ಮುಗಿಯುವವರೆಗೆ ಪಕ್ಕದಲ್ಲಿ ನಿಂತಿರಬೇಕಲ್ಲ ಎಂದು ನನಗೆ ರೇಗಿತು. ಭಾನುವಾರ ನಾನೇ ಮಾಡಿಕೊಳ್ಳುತ್ತೇನೆಂದು ಹೇಳಿ ಬಂದುಬಿಟ್ಟೆ.

ಕೆಲಸ ಸಣ್ಣದೇ. ಎಂಜಿನ್ನಿನ ಹೊಗೆ ಪೈಪಿಗೆ ಇಳಿಯುವ ಜಾಗದಲ್ಲಿ ಮೂರು ಬೋಲ್ಟು. ಅವು ಬಂದರೆ ಉಳಿದದ್ದು ರಬ್ಬರಿನಲ್ಲಿ ನೇತಾಡುತ್ತಿರುತ್ತದೆ, ಕಿತ್ತರೆ ಬರುತ್ತದೆ. ಆದರೆ ಆ ಮೂರೂ ಬಿಸಿಗೆ ಬೆಂದು, ಮಳೆಗೆ ನೆಂದು, ತುಕ್ಕು ಹಿಡಿದು ಪೈಪಿನ ಜೊತೆ ಒಂದೇ ಆಗಿದ್ದವು. ವಾರವಿಡೀ ಪ್ರೆಸ್ಸಿಗೆ ಹೋಗುವ ಮೊದಲು ಅವಕ್ಕೆ ಸೀಮೆಎಣ್ಣೆ ಕುಡಿಸಿದೆ. ಶನಿವಾರ ಬೆಳಿಗ್ಗೆ ಅಮ್ಮ ಬಗ್ಗಿ ನೋಡಿದಳು.

"ಏನಾಗೈತೆ ಅದಕ್ಕೆ?"

"ತುಕ್ಕು ಹಿಡ್ದೈತೆ. ರಿಪೇರಿ."

ಅವಳು ಒಳಗೆ ಹೋಗಿ ಒಂದು ಮುಷ್ಟಿ ನೆನೆಸಿದ ಹುಣಸೆಹಣ್ಣು ತಂದುಕೊಟ್ಟಳು. ದೀಪದ ಕಂಬ ಬೆಳಗುವ ಹುಣಸೆಹಣ್ಣು. "ಮೆತ್ತು. ಅವನು ಬಿಗಿ ಮಾಡಿರೋದು, ಸುಮ್ಸುಮ್ನೆ ಬಿಡಲ್ಲ," ಅಂದಳು. ಸೈಲೆನ್ಸರಿನ ಬೋಲ್ಟಿಗೆ ಹುಣಸೆಹಣ್ಣು ಮೆತ್ತಿದವನು ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಮೆತ್ತಿದೆ. ಅಮ್ಮ ಅವತ್ತೇ ಬಾಣಸವಾಡಿಯ ಚಿಕ್ಕಮ್ಮನ ಮನೆಗೆ ಹೊರಟಳು, ಸೋಮವಾರ ಮಧ್ಯಾಹ್ನ ಬಸ್ಸಿಗೆ ಬರುತ್ತೇನೆಂದಳು. ಅವಳು ಇಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಭಾನುವಾರ ಮುಂದಿನ ಎರಡು ಚಕ್ರಗಳನ್ನು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ ಕೆಳಗೆ ನುಸುಳಿದೆ. ಮೊದಲನೆಯ ಬೋಲ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟ ಮೇಲೆ ಕಿರ್ರೆಂದು ತಿರುಗಿತು. ಅದು ಸೀಮೆಎಣ್ಣೆಯ ಪುಣ್ಯವೋ ಹುಣಸೆಹಣ್ಣಿನದೋ ಗೊತ್ತಿಲ್ಲ. ಎರಡನೆಯದರ ನಟ್ಟು ಪೈಪಿನ ಹಿಂದಕ್ಕಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಸ್ಪ್ಯಾನರಿನ ಹಿಡಿಗೆ ಬೋರ್‌ವೆಲ್ಲಿನ ತುಂಡು ಪೈಪು ತೂರಿಸಿ, ಕಾಲು ಚಕ್ರಕ್ಕೆ ಕೊಟ್ಟು ಎಳೆದೆ. ಬಹಳ ಹೊತ್ತು ಎಳೆದ ಮೇಲೆ, ಆ ಕಡೆ ಮುಖ ಮಾಡಿದ ನಟ್ಟಿಗೆ ದಿಕ್ಕು ಉಲ್ಟಾ ಎಂಬುದು ಹೊಳೆಯಿತು. ಅಷ್ಟು ಹೊತ್ತೂ ನಾನು ಅಣ್ಣ ಬಿಗಿ ಮಾಡಿದ್ದನ್ನು ಇನ್ನೂ ಬಿಗಿ ಮಾಡುತ್ತಿದ್ದೆ. ದಿಕ್ಕು ಬದಲಿಸಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗಿ, ಸ್ಪ್ಯಾನರು ಜಾರತೊಡಗಿತು. ಕೊನೆಗೆ ಉಳಿ ಹಿಡಿದು ನಟ್ಟನ್ನೇ ಸೀಳಬೇಕಾಯಿತು.

ಮೂರನೆಯದಕ್ಕೆ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿದೆ. ಕಾದ ಕಬ್ಬಿಣ ಸ್ವಲ್ಪ ಹಿಗ್ಗುತ್ತದೆ, ಆಗ ಬೋಲ್ಟು ಸಡಿಲವಾಗುತ್ತದೆ ಎಂದು ಅಣ್ಣನೇ ಯಾವಾಗಲೋ ಹೇಳಿದ್ದ. ಬಿಸಿ ಇರುವಾಗಲೇ ಕೆಳಗೆ ನುಸುಳಿ ಸ್ಪ್ಯಾನರು ಕೊಟ್ಟು ಎರಡೂ ಕೈಯಲ್ಲಿ ಜಗ್ಗಿದೆ. ಬೋಲ್ಟು ಮೆತ್ತಗೆ ತಿರುಗಿತು. ಬಂತು ಅಂದುಕೊಂಡೆ. ಬಂದದ್ದು ಅದರ ತಲೆ ಮಾತ್ರ. ಉಳಿದದ್ದು ಒಳಗೇ ಮುರಿದು ನಿಂತಿತ್ತು. ಗರಗಸದ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಅದನ್ನು ಕುಯ್ದು ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೈ ತೊಳೆಯುವಾಗ ಮಣಿಕಟ್ಟಿನ ಮೇಲೆ ಬೆರಳುದ್ದದ ಬೊಬ್ಬೆ ಕಂಡಿತು. ಯಾವಾಗ ಸುಟ್ಟಿತೋ ಗೊತ್ತೇ ಆಗಿರಲಿಲ್ಲ. ನೋಡಿದ ಮೇಲೂ ಅಷ್ಟೇನೂ ನೋಯಲಿಲ್ಲ.

ಹೊಸದನ್ನು ಕೂರಿಸಿ ಸ್ಟಾರ್ಟ್ ಮಾಡಿದರೆ ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಮರದ ಮೇಲಿನ ಗುಬ್ಬಿಯೂ ಹಾರಲಿಲ್ಲ. ಹಳೆಯ ಸೈಲೆನ್ಸರನ್ನು ಕಾಂಪೌಂಡಿನ ಮೂಲೆಗೆ ಒರಗಿಸಿಟ್ಟೆ. ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಸೋಮವಾರ ಸಂಜೆ ಗೇಟು ಎತ್ತಿತು. ನಾನು ಬೇರೆಯವರ ಕಾರಿನಲ್ಲಿ ಕೂತವನ ಹಾಗೆ ಸದ್ದಿಲ್ಲದೆ ಹಳಿ ದಾಟಿ ಬಂದೆ. ಒಲೆ ಉರಿಯುತ್ತಿರುವುದಿಲ್ಲ, ತಟ್ಟೆ ಇರುವುದಿಲ್ಲ, ಇವತ್ತು ಅವಳಿಗೆ ಅಣ್ಣ ಬಂದಿಲ್ಲ ಎಂದುಕೊಂಡೆ. ತಿರುವಿನಲ್ಲಿ ನೋಡಿದರೆ ಅಮ್ಮ ಕಾಂಪೌಂಡಿನಾಚೆ ರಸ್ತೆಯಲ್ಲೇ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು. ಕಾರು ಅವಳ ಮುಂದೆಯೇ ನಿಂತರೂ ಅವಳು ರೈಲ್ವೆ ಗೇಟಿನ ಕಡೆಗೇ ನೋಡುತ್ತಿದ್ದಳು. ನಾನು ಇಳಿದು ಕರೆದ ಮೇಲೆ ತಿರುಗಿದಳು.

"ಎಲ್ ಹಾಳಾಗೋಗಿದ್ಯೋ? ಆಗ್ಲಿಂದ ಕಾಯ್ತಾ ಇವ್ನಿ. ಗೇಟ್ ಎಷ್ಟ್ ಸಲ ಎತ್ತುದ್ರು, ನಿನ್ ಸದ್ದೇ ಇಲ್ಲ."

"ಸೈಲೆನ್ಸರ್ ಚೇಂಜ್ ಮಾಡ್ದೆ ಅಮ್ಮ."

"ಯಾಕೆ?"

ಸುಳ್ಳು ಹೇಳಲು ಏನೂ ಸಿಗಲಿಲ್ಲ. "ಆ ಸದ್ದು ಕೇಳಿದ್ರೆ ನಿಂಗೆ ಅಣ್ಣ ಬಂದ ಅನ್ಸುತ್ತಲ್ಲ, ಅದಕ್ಕೆ."

ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ಅವನ ಬಾಯಿಗೆ ನೀರು ಬಿಟ್ಟೋಳು ನಾನು ಕಣೋ. ಅವನು ಬರಲ್ಲ ಅಂತ ನಂಗೆ ಗೊತ್ತಿಲ್ವಾ? ನೀನು ಬಂದೆ ಅಂತ ಎದ್ದೇಳ್ತಿದ್ದೆ."

"ಮತ್ತೆ ಅವನ ತಟ್ಟೆ?"

ಅಮ್ಮ ಕಾರಿನ ಬಾನೆಟ್ಟಿನ ಮೇಲಿದ್ದ ಧೂಳನ್ನು ಕೈಯಲ್ಲಿ ಒರೆಸುತ್ತ ಹೇಳಿದಳು. "ಒಬ್ನೇ ಕೂತು ಉಣ್ತೀಯಲ್ಲ, ಜೊತೆಗೆ ಕೂತ್ಕೊಳಾಣ ಅಂತ ಇಡ್ತಿದ್ದೆ. ನನ್ ತಟ್ಟೆ ಅಂತ ಯಾವುದೈತೆ ಮನೇಲಿ? ನೀನು ದಿನಾ ಎತ್ತಿಡ್ತಿದ್ದೆ. ನಾನು ಎದುರಿಗೆ ಕೂತ್ರೆ ನಿಂಗೆ ಆಗಲ್ವೇನೋ ಅಂತ ಸುಮ್ನಾಗ್ತಿದ್ದೆ. ಆದ್ರೂ ಮಾರ್ನೆ ದಿನ ಮತ್ತೆ ಇಡ್ತಿದ್ದೆ."

ಒಳಗೆ ಹೋದೆವು. ಗೂಡಿನಿಂದ ಎರಡೂ ತಟ್ಟೆಗಳನ್ನು ನಾನೇ ತೆಗೆದು ಎದುರುಬದುರಾಗಿ ಇಟ್ಟೆ. ಅಮ್ಮ ಮುದ್ದೆ ಹಾಕಿ, ಸಾರು ಬಿಟ್ಟು, ಅಣ್ಣನ ಹೆಸರಿರುವ ತಟ್ಟೆಯ ಮುಂದೆ ಕೂತಳು. ಅವಳು ಬಹಳ ಬೇಗ ಉಣ್ಣುತ್ತಿದ್ದಳು, ಯಾರಾದರೂ ಕರೆದರೆ ಅರ್ಧಕ್ಕೇ ಏಳಬೇಕಾದವರು ಉಣ್ಣುವ ಹಾಗೆ. ಯಾರೂ ಕರೆಯುವವರಿಲ್ಲ, ನಿಧಾನವಾಗಿ ಉಣ್ಣು ಅನ್ನಲು ಹೋದೆ. ನಾಲ್ಕು ತಿಂಗಳಿನಿಂದ ಬರದಿದ್ದ ಅಳು ಆಗ ಬಂತು, ಜೊತೆಗೆ ಮಣಿಕಟ್ಟಿನ ಬೊಬ್ಬೆಯೂ ಉರಿಯತೊಡಗಿತು. ಅಮ್ಮ ಸಮಾಧಾನ ಮಾಡಲಿಲ್ಲ. ಎಡಗೈಯಲ್ಲಿ ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ಆ ವಾರ ಹಳೇ ಕಬ್ಬಿಣದವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಅಮ್ಮ ಆ ಹಳೆಯ ಸೈಲೆನ್ಸರನ್ನು ಕೊಟ್ಟು ಒಂದು ಪ್ಲಾಸ್ಟಿಕ್ ಬಕೆಟ್ ತಗೊಂಡಳಂತೆ. ನಾನು ಮಾತ್ರ ದಿನಾ ಸಂಜೆ ಹಳಿ ದಾಟಿದ ಕೂಡಲೇ ಒಂದು ಸಲ ಹಾರ್ನ್ ಒತ್ತುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಸಾರು ಬಿಸಿಯಾಗಿರುತ್ತಿತ್ತು, ನೆಲದ ಮೇಲೆ ಎರಡು ತಟ್ಟೆ ಇರುತ್ತಿದ್ದವು.