ಖೀಮಾ ಶಾವಿಗೆಯ ಕೊನೆಯ ಪಂಕ್ತಿ

ಶಾವಿಗೆಯಷ್ಟು ಅವಸರದ ಪದಾರ್ಥ ಇನ್ನೊಂದಿಲ್ಲ. ಜೋಳದ ರೊಟ್ಟಿ ನಾಲ್ಕು ದಿನ ಕಾಯುತ್ತದೆ, ಒಣಗಿದರೂ ಮುರಿದು ತಿನ್ನಬಹುದು. ಪುಂಡಿಪಲ್ಲೆಗೆ ಮರುದಿನ ಇನ್ನಷ್ಟು ರುಚಿ ಬರುತ್ತದೆ. ಅನ್ನ ಉಳಿದರೆ ಒಗ್ಗರಣೆ ಕೊಟ್ಟರಾಯಿತು. ಆದರೆ ಖಾರದ ರಸದಲ್ಲಿ ಬೆಂದ ಶಾವಿಗೆ ಒಲೆಯಿಂದ ಇಳಿದ ಮೇಲೆ ಯಾರನ್ನೂ ಕಾಯುವುದಿಲ್ಲ. ಸೌಟು ಇನ್ನೂ ಕೈಯಲ್ಲಿರುವಾಗಲೇ ರಸ ಕುಡಿಯಲು ಶುರು ಮಾಡುತ್ತದೆ. ಒಂದು ಪಂಕ್ತಿ ಉಂಡು ಏಳುವುದರೊಳಗೆ ಉಬ್ಬಿ, ಒಂದಕ್ಕೊಂದು ಅಂಟಿ, ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನಂತಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ವರ್ಷಗಟ್ಟಲೆ ಆ ಅಂಟನ್ನೇ ಉಂಡು ತಿಳಿದುಕೊಂಡೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಮಸ್ಕಿಯಿಂದ ಲಿಂಗಸುಗೂರಿಗೆ ಸೊಸೆಯಾಗಿ ಬಂದೆ. ಮದುವೆಗೆ ಮುಂಚೆಯೇ ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತ್ತು. ವಾರವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ತೂತಿನ ವಾಯರನ್ನು ಆ ತೂತಿಗೆ ಚುಚ್ಚುತ್ತ ಕೂರುವ ಕೆಲಸ. ರಾಯಚೂರಿನ ಭತ್ತದ ದರ ಕೇಳುವವರು, ಸತ್ತ ಸುದ್ದಿ ಮುಟ್ಟಿಸುವವರು, ಬರೀ ಬೈದಾಡುವವರು, ಎಲ್ಲರನ್ನೂ ಜೋಡಿಸುತ್ತಿದ್ದೆ. ಶನಿವಾರ ಸಂಜೆ ಮನೆಗೆ ಬರುವಾಗ ಕಿವಿಯ ಹಿಂದೆ ಬೆರಳು ಮುಟ್ಟಿಸಿದರೂ ನೋಯುತ್ತಿತ್ತು. ರವಿವಾರ ನನಗೆ ರಜೆ. ಹೆಸರಿಗೆ ಮಾತ್ರ ರಜೆ, ಏಕೆಂದರೆ ರವಿವಾರ ನಮ್ಮ ಮನೆಯಲ್ಲಿ ಖೀಮಾ ಶಾವಿಗೆ.

ನಮ್ಮ ಕಡೆ ಶಾವಿಗೆ ಎಂದರೆ ಹಾಲು, ಬೆಲ್ಲ, ತುಪ್ಪ. ಬೀಗರು ಬಂದಾಗ ಮಾಡುವ ಸಿಹಿ. ಅದಕ್ಕೆ ಕುರಿಯ ಖೀಮಾ ಹಾಕುತ್ತಾರೆಂದು ಕೇಳಿ ನನ್ನ ತವರಿನವರು ಮೂಗು ಮುರಿದಿದ್ದರು. ಕುರಿ ಕಾಯ್ದುಕೊಂಡು ಬಂದ ಮನೆತನ ನಮ್ಮದು, ಮಾಂಸ ಹೊಸದೇನಲ್ಲ. ಆದರೆ ಮಾಂಸ ರೊಟ್ಟಿಯ ಜೊತೆಗಿನದು, ಶಾವಿಗೆ ಬೆಲ್ಲದ ಜೊತೆಗಿನದು. ನನ್ನ ಮಾವನವರು ಹರೆಯದಲ್ಲಿ ಮುದಗಲ್ಲಿನ ಒಬ್ಬ ಸಾಹೇಬರ ಮನೆಯಲ್ಲಿ ಇದನ್ನು ಉಂಡು ಬಂದಿದ್ದರಂತೆ. ಬಂದವರೇ ಅತ್ತೆಯ ಮುಂದೆ ಕುಳಿತು ಬಾಯಲ್ಲೇ ವರ್ಣಿಸಿದರಂತೆ: ಬಣ್ಣ ಹೀಗೆ ಕೆಂಪಗೆ, ಎಳೆ ಹೀಗೆ ಬಿಡಿಬಿಡಿ, ಮೂಗಿನಲ್ಲಿ ನೀರು ಬರುವ ಖಾರ. ಅತ್ತೆ ಬರೀ ಆ ಮಾತಿನ ಮೇಲೆ ಮಾಡಿದರು. ಮಾವ ಉಂಡು ‘ಇದಲ್ಲ’ ಅಂದರು. ಅತ್ತೆ ಮತ್ತೆ ಮಾಡಿದರು, ಮತ್ತೆ ‘ಇದಲ್ಲ’. ಹೀಗೇ ಮಾಡುತ್ತ ಮಾಡುತ್ತ ಒಂದು ರವಿವಾರ ಮಾವ ‘ಹಾಂ, ಇದು’ ಅಂದರು. ಆವತ್ತಿನಿಂದ ಅದು ಮನೆಯ ಪದ್ಧತಿಯಾಯಿತು.

ಅದರ ಕೆಲಸ ಬೇಸಿಗೆಯಲ್ಲೇ ಶುರುವಾಗುತ್ತಿತ್ತು. ಗೋಧಿಯನ್ನು ಒಡೆಸಿ, ರವೆ ಸೋಸಿ, ಹಿಟ್ಟು ನಾದಿ, ಕೈಯಲ್ಲಿ ತಿರುಗಿಸುವ ಕಬ್ಬಿಣದ ಮಷೀನಿಗೆ ತುಂಬಿ, ಇಳಿದ ಎಳೆಗಳನ್ನು ಕೋಲಿಗೆ ನೇತುಹಾಕಿ ಮಾಳಿಗೆಯ ಮೇಲೆ ಒಣಗಿಸಬೇಕು. ಲಿಂಗಸುಗೂರಿನ ಬಿಸಿಲಿಗೆ ಶಾವಿಗೆ ಬೇಗ ಒಣಗುತ್ತಿತ್ತು, ನಾವೂ ಒಣಗುತ್ತಿದ್ದೆವು. ಮಷೀನಿನ ಹಿಡಿಕೆ ತಿರುಗಿಸಿ ತಿರುಗಿಸಿ ನನ್ನ ಬಲಗೈ ರಟ್ಟೆ ಗಂಡಸರಂತೆ ಗಟ್ಟಿಯಾಗಿತ್ತು. ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ವರ್ಷದ ರವಿವಾರಗಳಿಗೆ ಸಾಕಾಗಬೇಕು.

ರವಿವಾರ ಬೆಳಿಗ್ಗೆ ನನ್ನ ಗಂಡ ಮಟನ್ ಅಂಗಡಿಯ ಮುಂದೆ ನಿಂತು ಖೀಮಾ ಕೊಚ್ಚಿಸಿ ತರುತ್ತಿದ್ದರು. ಮುತ್ತಲ ಎಲೆಯ ಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲಿಟ್ಟರೆ ಅವರ ಪಾಲಿನ ಅಡುಗೆ ಮುಗಿಯಿತು. ನೆಂಟರ ಮುಂದೆ ‘ಇವತ್ತ ನಮ್ಮ ಮನ್ಯಾಗ ಶಾವಿಗಿ ಮಾಡೀವಿ’ ಎನ್ನುವಾಗ ಆ ‘ಮಾಡೀವಿ’ಯಲ್ಲಿ ಅವರದೂ ಇಷ್ಟು ಪಾಲು ಇರುತ್ತಿತ್ತು.

ನಾನು ಒಣ ಕೊಬ್ಬರಿಯನ್ನೂ ಉಳ್ಳಾಗಡ್ಡಿಯನ್ನೂ ಕೆಂಡದಲ್ಲಿ ಸುಡುತ್ತಿದ್ದೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಕಾಲುವೆ ಕಡೆ ಜಮೀನು ಮಾಡಲು ಬಂದು ಕ್ಯಾಂಪು ಕಟ್ಟಿಕೊಂಡಿದ್ದ ತೆಲುಗರು ತರುತ್ತಿದ್ದ ಗುಂಟೂರು ಮೆಣಸಿನಕಾಯಿ. ಬಳ್ಳೊಳ್ಳಿ, ಶುಂಠಿ, ಗಸಗಸೆ. ಎಲ್ಲ ಸೇರಿಸಿ ಕಲ್ಲಿನಲ್ಲಿ ರುಬ್ಬುವಾಗ ಕಣ್ಣಿಗೆ ಕೈ ಒಯ್ಯುವಂತಿಲ್ಲ, ಬೆವರು ಇಳಿದರೆ ಇಳಿಯಲಿ. ಒಂದು ಕಡೆ ಖೀಮಾ ಹುರಿಯುತ್ತಿದ್ದರೆ ಇನ್ನೊಂದು ಕಡೆ ಶಾವಿಗೆಯನ್ನು ಹೊಂಬಣ್ಣ ಬರುವವರೆಗೆ ಹುರಿಯಬೇಕು. ಇಷ್ಟಾದರೂ ರುಚಿ ನೋಡುವಂತಿಲ್ಲ. ಉಣ್ಣುವವರು ಉಣ್ಣುವ ಮೊದಲೇ ಬಾಯಿಗೆ ಹಾಕಿದರೆ ಅದು ಎಂಜಲು. ಅತ್ತೆ ಗಡಿಗೆಯ ಮೇಲೆ ಬಗ್ಗಿ ಆವಿಯ ವಾಸನೆ ಹಿಡಿದು ‘ಇನ್ನೊಂದ್ ಚಿಟಿಕಿ ಉಪ್ಪ ಹಾಕವಾ’ ಎನ್ನುತ್ತಿದ್ದರು. ಅದು ಎಂದೂ ತಪ್ಪಿದ್ದಿಲ್ಲ ಎಂದು ಉಂಡವರು ಹೇಳುತ್ತಿದ್ದರು.

ಶಾವಿಗೆಯನ್ನು ಮೊದಲೇ ರಸಕ್ಕೆ ಹಾಕುವಂತಿರಲಿಲ್ಲ. ಗಂಡಸರು ಹಿತ್ತಲಲ್ಲಿ ಕೈ ತೊಳೆಯುವ ನೀರಿನ ಸದ್ದು ಕೇಳಬೇಕು. ಆಗ ಅತ್ತೆ ‘ಹಾಕು’ ಎನ್ನುವರು, ನಾನು ಹಾಕುವೆ. ಮಾವ, ನನ್ನ ಗಂಡ, ಇಬ್ಬರು ಮೈದುನರು, ಜೊತೆಗೆ ಬಸ್ಸಿಳಿದು ಬಂದ ಯಾರಾದರೂ ನೆಂಟರು ಪಡಸಾಲೆಯಲ್ಲಿ ಕೂರುತ್ತಿದ್ದರು. ಆವಿ ಏಳುವ ತಟ್ಟೆಗಳನ್ನು ಒಯ್ದಿಡುವುದು, ನೀರು ಕೊಡುವುದು, ಮತ್ತೆ ಬಡಿಸುವುದು. ಅವರು ಎದ್ದ ಮೇಲೆ ಮಕ್ಕಳು. ಮಕ್ಕಳ ಬಾಯಿ ತೊಳೆಸಿದ ಮೇಲೆ ಅತ್ತೆ ಮತ್ತು ನಾನು ಒಲೆಯ ಮುಂದೆ ಕೂರುತ್ತಿದ್ದೆವು. ಅಷ್ಟರಲ್ಲಿ ಗಡಿಗೆಯ ತಳದಲ್ಲಿ ಇರುತ್ತಿದ್ದುದು ತಣ್ಣಗಿನ ಕೆಂಪು ಮುದ್ದೆ, ಅದರ ಮೇಲೆ ಹೆಪ್ಪುಗಟ್ಟಿದ ಕೊಬ್ಬು. ಚಮಚೆಯಲ್ಲಿ ಕೆರೆದು ಹಾಕಿಕೊಂಡು ಉಣ್ಣುತ್ತಿದ್ದೆವು.

ಒಮ್ಮೆ ಗೊರೇಬಾಳದಿಂದ ಬಂದ ದೂರದ ನೆಂಟರೊಬ್ಬರು ಕೈ ತೊಳೆಯುತ್ತ ನನಗೆ ಹೇಳಿದರು. “ಯವ್ವಾ, ನಿನ್ನ ಕೈಯಾಗಿನ ಶಾವಿಗಿ ಉಂಡು ನಾಲಿಗಿ ಕುಣ್ಯಾಕತ್ತೈತಿ ನೋಡು. ಎಳಿ ಎಳಿ ಬ್ಯಾರೆ ಬ್ಯಾರೆ.” ನಾನು ಸೆರಗು ಸರಿ ಮಾಡಿಕೊಂಡು ನಕ್ಕೆ. ಒಳಗೆ ಬಂದು ಗಡಿಗೆ ನೋಡಿದೆ. ಯಾವ ಎಳೆ, ಯಾವ ಬೇರೆ? ಇಡೀ ಲಿಂಗಸುಗೂರಿಗೆ ಗೊತ್ತಿದ್ದ ನನ್ನ ಕೈರುಚಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವತ್ತು ನನಗೆ ಒಂದು ಆಸೆ ಹತ್ತಿತು: ಒಂದು ಸಲ, ಒಂದೇ ಸಲ, ಆ ಶಾವಿಗೆಯನ್ನು ಇಳಿಸಿದ ಕೂಡಲೇ ಬಿಸಿಯಾಗಿ ಉಣ್ಣಬೇಕು. ಹೇಳಿಕೊಂಡರೆ ನಗುವಂಥ ಆಸೆ, ಆದರೆ ಬಿಡಲಿಲ್ಲ.

ಗಂಡನಿಗೆ ಹೇಳಿದೆ. “ನಾನೂ ಒಂದಿನ ಬಿಸಿದು ಉಣ್ಣಬೇಕಂತೀನ್ರಿ.”

ಅವರು ಪೇಪರಿನಿಂದ ತಲೆ ಎತ್ತಿದರು. “ಉಣ್ಣು. ಯಾರು ಬ್ಯಾಡಂದಾರ?”

ನಿಜ, ಯಾರೂ ಬೇಡ ಅಂದಿರಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ಅವರ ಜೊತೆ ಕುಳಿತರೆ ಬಡಿಸುವವರು ಯಾರು ಎಂದು ಕೇಳಬೇಕೆಂದುಕೊಂಡೆ. ಅವರು ಮತ್ತೆ ಪೇಪರಿಗೆ ತಲೆ ಹಾಕಿದ್ದರು.

ಮುಂದಿನ ರವಿವಾರ ನಾನೇ ಉಪಾಯ ಮಾಡಿದೆ. ಒಂದು ಹಿಡಿ ಹುರಿದ ಶಾವಿಗೆಯನ್ನು ಸಣ್ಣ ಡಬ್ಬಿಯಲ್ಲಿ ಎತ್ತಿಟ್ಟು, ಎರಡು ಸೌಟು ಖೀಮಾದ ರಸವನ್ನು ತಂಬಿಗೆಗೆ ಹಾಕಿ ಒಲೆಯ ಹಿಂದಿಟ್ಟೆ. ಎಲ್ಲರದೂ ಮುಗಿದ ಮೇಲೆ ನಮ್ಮಿಬ್ಬರಿಗೆ ಬೇರೆಯಾಗಿ ಹಾಕಿದರಾಯಿತು ಎಂದು. ಮಕ್ಕಳಿಗೆ ಬಡಿಸುತ್ತಿರುವಾಗ ಮುದಗಲ್ ಬಸ್ಸಿನಿಂದ ಇಬ್ಬರು ಇಳಿದು ಬಂದರು. ಅತ್ತೆ ಒಳಗೆ ಬಂದು, ಒಲೆಯ ಹಿಂದೆ ಕೈ ಹಾಕಿ, ತಂಬಿಗೆ ತೆಗೆದು, ಡಬ್ಬಿಯಲ್ಲಿದ್ದದ್ದನ್ನೂ ಅದಕ್ಕೆ ಸುರಿದು ಬೇಯಿಸಿದರು. ಒಂದು ಮಾತಾದರೂ ಕೇಳಬೇಡವೇ? ನನಗೆ ಸಿಟ್ಟು ನೆತ್ತಿಗೇರಿತು.

“ಅದು ನಮಗಂತ ಇಟ್ಟಿದ್ದೆರೀ,” ಅಂದೆ.

“ಗೊತ್ತೈತಿ,” ಅಂದರು ಅತ್ತೆ. ಗಡಿಗೆಯನ್ನು ನನ್ನ ಕಡೆ ಓರೆ ಮಾಡಿ ತಳ ತೋರಿಸಿದರು. “ಹೊಸಾದು ಮಾಡಿಕೊಂಡ್ರ ಇದನ್ನ ಯಾರು ಉಣ್ಣಬೇಕವಾ? ಚೆಲ್ಲಾಕ ಬರತೈತೇನು?”

ಇಬ್ಬರೂ ಕುಳಿತು ತಳದ್ದನ್ನೇ ಉಂಡೆವು. ಆಮೇಲೆ ಬಹಳ ದಿನ ನಾನು ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡಿದೆ. ಶ್ರಾವಣ ಬಂದರೆ ಮನೆಯಲ್ಲಿ ಮಾಂಸ ಮಾಡುತ್ತಿರಲಿಲ್ಲ. ದೇವರ ಮೇಲಿನ ಭಕ್ತಿಗಿಂತ ಒಲೆಯ ಮೇಲಿನ ಬೇಸರಕ್ಕೆ ನಾನು ಶ್ರಾವಣದ ದಾರಿ ಕಾಯುತ್ತಿದ್ದೆ.

ವರ್ಷಗಳು ಹೋದವು. ಲಿಂಗಸುಗೂರಿನ ಎಕ್ಸ್‌ಚೇಂಜಿಗೆ ತಾನೇ ಜೋಡಿಸುವ ಮಷೀನು ಬಂತು, ನನ್ನನ್ನು ಸಿಂಧನೂರಿಗೆ ಹಾಕಿದರು. ಮನೆ ಬಿಡುವಂತಿರಲಿಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದೆ. ನಡುವೆ ಮಸ್ಕಿ ಬರುತ್ತಿತ್ತು. ಬಸ್ಸು ನಿಂತಷ್ಟು ಹೊತ್ತು ಕಿಟಕಿಯಿಂದ ತವರಿನ ಮಾಳಿಗೆಯ ತುದಿ ಕಾಣುತ್ತಿತ್ತು. ಅಲ್ಲಿಯೂ ನನ್ನವ್ವ ಕೊನೆಗೇ ಉಣ್ಣುತ್ತಿದ್ದಳು, ಅದನ್ನು ನಾನು ಮದುವೆಗೆ ಮುಂಚೆ ಗಮನಿಸಿಯೇ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಂಬಿಗೆ ತಲೆ ಆನಿಸಿ ನಿದ್ದೆ ಹೋದರೆ ಕಂಡಕ್ಟರೇ ಕೂಗಿ ಎಬ್ಬಿಸುತ್ತಿದ್ದ. ಮಾವ ತೀರಿಕೊಂಡರು. ಮೈದುನರು ಮದುವೆಯಾಗಿ ಬೇರೆ ಹೋದರು, ಆದರೆ ರವಿವಾರ ಊಟಕ್ಕೆ ಮಾತ್ರ ತಪ್ಪದೆ ಬರುತ್ತಿದ್ದರು. ಅತ್ತೆಯ ಹಲ್ಲು ಒಂದೊಂದಾಗಿ ಹೋದವು, ಕಣ್ಣಿಗೆ ಪೊರೆ ಬಂತು. ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತು ವಾಸನೆಯಿಂದ ಉಪ್ಪು ಹೇಳುವುದನ್ನು ಮಾತ್ರ ಬಿಡಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ರವಿವಾರ. ಗಂಡ, ಮೈದುನರು, ಮಕ್ಕಳು ಎಲ್ಲರೂ ಮುದಗಲ್ ಕಡೆ ಒಂದು ಮದುವೆ ಮಾತುಕತೆಗೆ ಹೋಗಿದ್ದರು. ‘ಊಟಕ್ಕ ಮನೀಗೇ ಬರ್ತೀವಿ, ಶಾವಿಗಿ ಮಾಡಿರ್ರಿ’ ಎಂದು ಹೇಳಿ ಹೋಗಿದ್ದರು. ಹಿಂದಿನ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಾನು ತಡವಾಗಿ ಬಂದಿದ್ದೆ, ಮೈಯೆಲ್ಲ ನೋವಿತ್ತು. ಆದರೂ ರುಬ್ಬಿದೆ, ಹುರಿದೆ, ರಸ ಕುದಿಸಿದೆ. ಅವರು ಬರಲಿಲ್ಲ. ಹೊತ್ತು ನೆತ್ತಿಯಿಂದ ಇಳಿಯಿತು. ರಸ ಬತ್ತುತ್ತ ಬಂದಂತೆ ನೀರು ಹಾಕಿದೆ, ಮತ್ತೆ ಬತ್ತಿತು. ಅತ್ತೆ ಗೋಡೆಗೆ ಒರಗಿ ಕುಳಿತೇ ಇದ್ದರು, ಬೆಳಿಗ್ಗೆಯಿಂದ ಅವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಎರಡನೆಯ ಸಲ ನೀರು ಹಾಕಲು ತಂಬಿಗೆ ಎತ್ತಿದವಳು ಕೆಳಗಿಟ್ಟೆ. ಸಣ್ಣ ಪಾತ್ರೆಗೆ ರಸ ತೆಗೆದು, ಒಲೆಯ ಮೇಲಿಟ್ಟು, ಎರಡು ಹಿಡಿ ಶಾವಿಗೆ ಹಾಕಿಬಿಟ್ಟೆ. ಚುರ್ ಎಂದು ಸದ್ದಾಯಿತು.

ಅತ್ತೆ ಮುಖ ಎತ್ತಿದರು. “ಬಂದ್ರೇನು?”

“ಇಲ್ರಿ.”

“ಮತ್ತ ಶಾವಿಗಿ ಹಾಕಿದಿ?”

“ನಮಗ ಹಾಕೀನ್ರಿ, ಅತ್ಯಾರ.”

ನಾನು ಸೌಟು ಹಿಡಿದು ನಿಂತೆ. ಬೈದರೆ ಈ ಸಲ ಸುಮ್ಮನಿರಬಾರದು ಎಂದು ಹಲ್ಲು ಕಚ್ಚಿದ್ದೆ. ಅತ್ತೆ ಗೋಡೆ ಹಿಡಿದು ಮೆಲ್ಲಗೆ ಎದ್ದರು. ತಡವರಿಸುತ್ತ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು. ಅವರು ಕೈ ತೊಳೆಯುತ್ತಿದ್ದರು.

ಎರಡು ತಟ್ಟೆಗೆ ಬಡಿಸಿದೆ. ಆವಿ ಮುಖಕ್ಕೆ ಬಡಿಯಿತು. ಅತ್ತೆ ಬೆರಳಿನಿಂದ ಒಂದಿಷ್ಟು ಎತ್ತಿ ಬಾಯಿಗಿಟ್ಟರು, ಕೂಡಲೇ ತುಟಿ ತೆರೆದು ಉಸಿರು ಎಳೆದುಕೊಂಡರು. ಕಣ್ಣಲ್ಲಿ ನೀರು ಬಂತು.

“ಸುಡತೈತವಾ,” ಅಂದರು. “ವಸಡಿಗೆ ತಡಿಯಾಂಗಿಲ್ಲ. ಆರಲಿ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನೀ ಉಣ್ಣು.”

ನಾನು ಉಂಡೆ. ಎಳೆಗಳು ನಿಜವಾಗಿಯೂ ಬೇರೆ ಬೇರೆ ಇದ್ದವು. ಹಲ್ಲಿಗೆ ಸಿಕ್ಕು ಮುರಿಯುತ್ತಿದ್ದವು. ಖಾರ ಮೊದಲು ತುಟಿಗೆ, ಆಮೇಲೆ ಕಿವಿಗೆ ಹತ್ತಿತು, ಅದರ ಹಿಂದೆಯೇ ಸುಟ್ಟ ಕೊಬ್ಬರಿಯ ಸಿಹಿ ಬಂತು. ಖೀಮಾದ ಬಿಸಿ ಕೊಬ್ಬು ನಾಲಿಗೆಯ ಮೇಲೆ ಕರಗಿ ಹೋಯಿತು, ಇಷ್ಟು ದಿನ ನನಗೆ ಗೊತ್ತಿದ್ದ ತಣ್ಣಗಿನ ಕೊಬ್ಬು ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಖುಷಿಯಾಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಪಡಸಾಲೆಯಲ್ಲಿ ಕುಳಿತವರು ಉಣ್ಣುತ್ತಿದ್ದುದು ಇದನ್ನು. ನಾವು ಉಣ್ಣುತ್ತಿದ್ದುದು ಬೇರೆಯೇ ಒಂದು ಊಟ. ಸಿಟ್ಟಿನಲ್ಲೇ ತಟ್ಟೆ ಖಾಲಿ ಮಾಡಿದೆ, ಆರುವುದಕ್ಕೆ ಬಿಡಲಿಲ್ಲ.

ಅತ್ತೆ ನನ್ನ ಕಡೆಗೇ ಮುಖ ಮಾಡಿ ಕುಳಿತಿದ್ದರು, ನಾನು ಅಗಿಯುವ ಸದ್ದು ಕೇಳುತ್ತಿದ್ದರೋ ಏನೋ. ಅವರ ತಟ್ಟೆಯಲ್ಲಿ ಶಾವಿಗೆ ಆಗಲೇ ರಸ ಕುಡಿದು ಉಬ್ಬಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಮೆತ್ತಗಾಗಿದೆ ಎಂದು ಖಾತ್ರಿಯಾದ ಮೇಲೆ ಹತ್ತಿರ ಎಳೆದುಕೊಂಡರು.

“ಹೆಂಗೈತಿ?” ಎಂದು ಕೇಳಿದರು.

“ಭಾಳ ಚಲೋ ಐತ್ರಿ ಅತ್ಯಾರ.”

ಅತ್ತೆ ತಲೆಯಾಡಿಸಿದರು. “ಹೌದಂತವಾ,” ಅಂದರು. “ಎಲ್ಲಾರೂ ಹಂಗ ಅಂತಿದ್ರು.”