ಗ್ಯಾಸಿನ ವಿದೇಶಾಂಗ ನೀತಿ

ಚರ್ಚಾಸ್ಪರ್ಧೆಗೆ ಹೋಗುವವರಿಗೆ ಒಂದು ಕಾಯಿಲೆ: ಎದುರಾಳಿ ಸಿಗದಿದ್ದರೆ ಮನೆಯವರನ್ನೇ ಎದುರು ನಿಲ್ಲಿಸಿಕೊಳ್ಳುತ್ತೇವೆ. ಹೋದ ತಿಂಗಳು ನನಗೆ ಸಿಕ್ಕಿದ್ದ ವಿಷಯ, ‘ಅಡುಗೆ ಅನಿಲಕ್ಕೆ ಹೊರಗಿನವರನ್ನು ನೆಚ್ಚಿದ ದೇಶ ಸ್ವತಂತ್ರವಲ್ಲ’. ಭಾನುವಾರ ಬೆಳಿಗ್ಗೆ ಜಯನಗರದ ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಅಮ್ಮನಿಗೆ ಬಿಡಿಸಿ ಹೇಳುತ್ತಿದ್ದೆ. ಕೊಲ್ಲಿಯ ದೇಶಗಳು ನೆಲ ಕೊರೆದರೆ ಅನಿಲ ಸಿಗುತ್ತದೆ, ಅದರ ಜೊತೆಗೇ ಸಿಲಿಂಡರಿಗೆ ತುಂಬುವ ದ್ರವವೂ; ತಾವು ಬಳಸಿ ಮಿಕ್ಕಿದ್ದನ್ನು ಮಾರುತ್ತವೆ. ಜಪಾನಿಗೆ ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಒಂದಿಷ್ಟು ಇಲ್ಲೇ ಮಾಡಿಕೊಂಡು, ಉಳಿದದ್ದಕ್ಕೆ ಸಮುದ್ರದ ಕಡೆ ನೋಡುತ್ತೇವೆ.

“ಜಪಾನಿನವರು ಉಪವಾಸ ಇದಾರಾ?” ಅಂದಳು ಅಮ್ಮ, ಆಂಬೊಡೆ ತಟ್ಟುತ್ತಾ.

ನಾನು ಜಪಾನಿನ ಅಂಕಿಅಂಶ ತೆಗೆಯುವಷ್ಟರಲ್ಲಿ ಒಲೆಯ ಉರಿ ಮಿಣುಕಿ ಆರಿತು. ಸಿಲಿಂಡರನ್ನು ಅಲ್ಲಾಡಿಸಿದ್ದಾಯಿತು, ಓರೆ ಮಾಡಿದ್ದಾಯಿತು. ರೇಷನ್ ಸೀಮೆಎಣ್ಣೆಯೂ ಮುಗಿದಿತ್ತು. ಬಾಣಲೆಯಲ್ಲಿ ಆಂಬೊಡೆ ಅರ್ಧ ಬೆಂದಿದೆ. ಅಕ್ಕನ ಮದುವೆ ಗೊತ್ತಾದ ಮೇಲೆ ಬೀಗರು ಮೊದಲ ಸಲ ಊಟಕ್ಕೆ ಬರುವವರು, ಬನಶಂಕರಿಯಲ್ಲಿ ಬಸ್ಸು ಹತ್ತಿಯಾಗಿರಬೇಕು.

ಒಬ್ಬರದು ಖಾಲಿಯಾದರೆ ಇನ್ನೊಬ್ಬರು ಕೊಡುವುದು, ತಮ್ಮದು ಬಂದಾಗ ತೀರಿಸುವುದು ನಮ್ಮ ಬೀದಿಯ ರೂಢಿ. ಆದರೆ ಆವತ್ತು ಒಲೆಗೆ ಹಾಕಿದ್ದಲ್ಲದೆ ಇನ್ನೊಂದು ತುಂಬಿದ ಸಿಲಿಂಡರ್ ಇದ್ದದ್ದು ಪಕ್ಕದ ಮನೆಯ ಸರೋಜಾ ಆಂಟಿಯ ಹತ್ತಿರ ಮಾತ್ರ. ಅವರ ಕರಿಬೇವಿನ ಕೊಂಬೆ ನಮ್ಮ ಕಾಂಪೌಂಡಿಗೆ ಬಾಗಿತೆಂದು ಅಪ್ಪ ಕಡಿದಾಗಿನಿಂದ ಅವರಿಗೂ ಅಮ್ಮನಿಗೂ ಮಾತಿಲ್ಲ.

“ನಾನು ಕೇಳ್ಕೊಂಡು ಬರ್ಲಾ?”

“ಬೇಡ, ನೀನು ಭಾಷಣ ಮಾಡ್ತೀಯ” ಎಂದು ಅಮ್ಮನೇ ಹೊರಟಳು. ಹೊರುವುದಕ್ಕೆಂದು ನಾನು ಹಿಂದೆ.

ಆಂಟಿ ಅಮ್ಮನ ಹಿಟ್ಟಿನ ಕೈಯನ್ನೇ ನೋಡಿದರು. “ಗ್ಯಾಸ್ ಮುಗಿದಿದ್ದಕ್ಕಾದ್ರೂ ನಮ್ಮನೆ ಬಾಗಿಲು ಕಾಣಿಸ್ತಲ್ಲ ರಾಜಮ್ಮ.” ಆಮೇಲೆ ನನಗೆ, “ಏನ್ ನೋಡ್ತೀಯೋ, ಉರುಳಿಸ್ಕೊಂಡು ಹೋಗು. ಬೀಗರು ಬಂದ್ಬಿಡ್ತಾರೆ.” ಬೀಗರ ವಿಷಯ ಅಮ್ಮ ಬಾಯಿಬಿಟ್ಟಿರಲಿಲ್ಲ. ಮಾತು ನಿಂತರೂ ಸುದ್ದಿ ಕಾಂಪೌಂಡು ದಾಟುತ್ತಿತ್ತು.

ಆಂಬೊಡೆ ಗರಿಗರಿಯಾಯಿತು, ಬೀಗರು ಮತ್ತೆ ಹಾಕಿಸಿಕೊಂಡರು.

ನಮ್ಮ ಸಿಲಿಂಡರ್ ಬಂದ ದಿನವೇ, ಸೀಲು ಕೂಡ ಒಡೆಯದೆ, ಆಂಟಿಯ ಮನೆಗೆ ಉರುಳಿಸಿದೆ. ಋಣ ತೀರಿದರೆ ಸ್ವಾತಂತ್ರ್ಯ ಎಂಬುದು ನನ್ನ ವಾದ. ಅವರು ಅದನ್ನು ಹೊಸಿಲು ದಾಟಿಸಲಿಲ್ಲ.

“ನನ್ನದಿನ್ನೂ ಉರೀತಿದೆ. ಮುಗಿದಾಗ ನಾನೇ ಬಂದು ನಿಮ್ಮಮ್ಮನ್ನ ಕೇಳ್ತೀನಿ. ಈಗ್ಲೇ ಕೊಟ್ಬಿಟ್ರೆ ಯಾವ ನೆಪಕ್ಕೆ ಬರ್ಲಿ?”

ಸಿಲಿಂಡರನ್ನು ಮನೆಗೆ ವಾಪಸ್ ಉರುಳಿಸಿದೆ. ಯಾರಿಂದ ಏನನ್ನೂ ತರಿಸದ ದೇಶ ಇರಬಹುದು, ಅದರ ಬಾಗಿಲು ತಟ್ಟುವವರು ಯಾರು ಎಂಬ ಅನುಮಾನ ನನಗೀಗ ಶುರುವಾಗಿದೆ. ಅಮ್ಮ ಆ ಸಿಲಿಂಡರನ್ನು ಬೀದಿಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಕಾಂಪೌಂಡಿನ ಹತ್ತಿರ ನಿಂತು, “ಸರೋಜಾ, ಇನ್ನೂ ಉರೀತಿದೆಯಾ?” ಅಂತ ವಿಚಾರಿಸುತ್ತಾಳೆ.

“ಉರೀತಾನೇ ಇದೆ ಕಣ್ರೀ,” ಅನ್ನುತ್ತಾರೆ ಆಂಟಿ, ಬೇಜಾರಿನಲ್ಲಿ.