ಹೆಪ್ಸಿಯ ಹೆಣಿಗೆ, ಜೇಬೆಜನ ಹೊಲಿಗೆ

ಹಿಂಕ್ಲಿ ಪಟ್ಟಣದ ಪಕ್ಕದ ಒಂದು ಹಳ್ಳಿಯಲ್ಲಿ ಹೆಪ್ಸಿ ಆರ್ಟನ್ನಳ ಬಾಯಿಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ಹುಡುಗರ ಉಣ್ಣೆಯ ಕಾಲುಚೀಲ ಹೆಣೆದೇ ಮಗ ಜೇಬೆಜನನ್ನು ಸಾಕಿದವಳು. ದಾರಿ ನಡೆಯುವಾಗಲೂ ಕೈಯಲ್ಲಿ ಹೆಣಿಗೆ ಕಡ್ಡಿ ಆಡುತ್ತಿತ್ತು, ಬಾಯಲ್ಲಿ ಬೈಗುಳ. ಅವಳು ಹೆಣೆದದ್ದು ಅಣ್ಣನ ಕಾಲಿನಿಂದ ತಮ್ಮನ ಕಾಲಿಗೆ ಇಳಿದು, ಅವನ ತಮ್ಮನಿಗೂ ಉಳಿಯುತ್ತಿತ್ತು. ಚುಚ್ಚುತ್ತದೆಂದು ಹುಡುಗರು ಅತ್ತರೆ, "ಚುಚ್ಲಿ ಬಿಡು, ಕಾಲಿದೆ ಅಂತ ನೆನಪಿರತ್ತೆ" ಅನ್ನುತ್ತಿದ್ದಳು.

ಬೆಳೆದ ಜೇಬೆಜ್ ಅಗಲದ ಹೆಣಿಗೆ ಮಗ್ಗ ತಂದ. ಬಟ್ಟೆಯನ್ನು ಥಾನುಗಟ್ಟಲೆ ಇಳಿಸಿ, ಕಾಲಿನ ಆಕಾರಕ್ಕೆ ಕತ್ತರಿಸಿ, ಹಿಂದೊಂದು ಹೊಲಿಗೆ ಎಳೆದರೆ ಅವನ ಕಾಲುಚೀಲ ಸಿದ್ಧ.

ಹೆಪ್ಸಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಏನೋ ಇದು? ಆಲೂಗಡ್ಡೆ ತುಂಬೋಕಾ?"

"ಅವ್ವಾ, ನೀನು ಒಂದು ಜೊತೆ ಹೆಣೆಯೋದ್ರೊಳಗೆ ನಾನು ಇಡೀ ಊರಿಗೇ ತೊಡಿಸ್ತೀನಿ."

"ತೊಡಿಸಪ್ಪಾ, ತೊಡಿಸು. ಬಿಚ್ಚೋ ಕಷ್ಟ ಯಾರಿಗೂ ಇಲ್ಲ, ತಾನೇ ಬಿಚ್ಕೊಳತ್ತೆ."

ಪೆಂತೆಕೊಸ್ತ್ ಹಬ್ಬದ ಮೆರವಣಿಗೆಗೆ ಜೇಬೆಜ್ ಭಾನುವಾರದ ಶಾಲೆಯ ಹುಡುಗರಿಗೆಲ್ಲ ಬಿಳಿ ಕಾಲುಚೀಲ ದಾನ ಮಾಡಿದ. ದಾನವೇನು ಬಂತು, ಜಾಹೀರಾತು! ಚರ್ಚನ್ನೇ ತಾನು ಕಟ್ಟಿಸಿದವನಂತೆ ಎದೆಯುಬ್ಬಿಸಿ ಮುಂದೆ ನಡೆದ. ಹುಡುಗರು ಹೊಲದಂಚಿನ ಕಾಲುವೆ ಹಾರಿದ್ದೇ ತಡ, ಒಬ್ಬನ ಹೊಲಿಗೆ ಬಿಟ್ಟಿತು. ಕತ್ತರಿಸಿದ ಅಂಚಿನಿಂದ ಎಳೆ ಜಾರುತ್ತಾ ಹೋಯಿತು. ಚರ್ಚಿನ ಬಾಗಿಲು ತಲುಪುವಷ್ಟರಲ್ಲಿ ಅರ್ಧ ಹುಡುಗರ ಕಾಲಲ್ಲಿ ಚಿಂದಿ ನೇತಾಡುತ್ತಿತ್ತು. ಅವರಿಗೆ ಅದೇ ಹಬ್ಬ. ಕಿತ್ತು, ಒಬ್ಬರಿಗೊಬ್ಬರು ಬೀಸಿ ಹೊಡೆದಾಡಿದರು.

ಚರ್ಚಿನ ಅಂಗಳದ ಗೋಡೆಯ ಮೇಲೆ ಕೂತಿದ್ದ ಹೆಪ್ಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗನ ಮುಖ ಕೆಂಪಾದದ್ದು ಕಂಡು ಎದೆ ಒಂದಿಷ್ಟು ಚುರುಕ್ಕೆಂದಿತು. ಆದರೂ ನಗು ನಿಲ್ಲಿಸಲಿಲ್ಲ.

ಇನ್ನು ಇವನ ಅಂಗಡಿ ಮುಚ್ಚಿದ ಹಾಗೆಯೇ ಅಂದುಕೊಂಡಳು. ಎಲ್ಲಿಯ ಮಾತು! ಮೆರವಣಿಗೆಯ ದಿನ ಚಿಂದಿ ನೋಡಿ ಕೂಗಾಡಿದ್ದ ತಾಯಂದಿರೇ ಮರುವಾರ ಜೇಬೆಜನ ಬಾಗಿಲಲ್ಲಿ ನಿಂತಿದ್ದರು. ಅಗ್ಗವಾಗಿತ್ತು, ಬೆಳ್ಳಗಿತ್ತು, ಚುಚ್ಚುತ್ತಿರಲಿಲ್ಲ. ಚಳಿಗಾಲ ಬಂದರೂ ಹೆಪ್ಸಿಯ ಉಣ್ಣೆಯದನ್ನು ಕೇಳುವವರಿಲ್ಲ.

ಕೊನೆಗೆ ಪಕ್ಕದ ಮನೆಯ ಮರ್ಸಿ ಶಾಲಿನಡಿ ಏನೋ ಮುಚ್ಚಿಕೊಂಡು ಬಂದಳು. "ಅಜ್ಜೀ, ನಮ್ಮ ಹುಡುಗನ ಕಾಲುಚೀಲದ ಹೊಲಿಗೆ ಹಿಂದೆ ಬಿಟ್ಟೋಗಿದೆ. ಸ್ವಲ್ಪ ಹೊಲ್ಕೊಡ್ತೀರಾ?"

"ಮಾಡಿದೋನ ಹತ್ರ ಹೋಗಮ್ಮ!"

"ಹೋಗಿದ್ದೆ. ಹೊಸದು ತಗೊಳ್ಳಿ ಅಂದ್ರು."

ಹೆಪ್ಸಿ ಕಡ್ಡಿ ಕೆಳಗಿಟ್ಟಳು. ಹರಿದ ಅಂಚನ್ನು ಉಗುರಿನಿಂದ ಕೆದಕಿ, ಮಗನಿಗೆ, ಮರ್ಸಿಗೆ, ಬಿಳಿ ಬಣ್ಣಕ್ಕೆ, ಊರಿಗೆಲ್ಲ ಒಟ್ಟಿಗೇ ಶಾಪ ಹಾಕಿದಳು.

"ಆರ್ಟನ್ನರ ಮಾನವೆಲ್ಲ ನಿನ್ನ ಮಗನ ಹಿಮ್ಮಡೀಲಿ ನೇತಾಡ್ತಿದೆ. ತಾ ಇಲ್ಲಿ, ಸೂಜಿಗೆ ದಾರ ಪೋಣಿಸ್ಕೊಡು."